ಮಂಗನ ಕಾಯಿಲೆಗೆ ಹೊಸ ಲಸಿಕೆ: ನಮ್ಮೂರಿಗೆ ಪರೀಕ್ಷೆಗೆ ಬಂದರೆ ತೋಳು ಕೊಡುತ್ತೀರಾ?

ಹೊಳೆಯಾಚೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕು, ಶರಾವತಿ ಹಿನ್ನೀರಿನ ಆಚೆ ದಡ. ಎರಡು ದಿನದಿಂದ ಮನೆಯಲ್ಲಿ ಒಂದೇ ಜಗಳ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ನಮ್ಮ ಅತ್ತೆಗೆ ಮಂಗನ ಕಾಯಿಲೆ ಬಂದಿತ್ತು, ಕಾಡಿನ ಉಣುಗು ಕಚ್ಚಿ ಬರುವ ಜ್ವರ. ಫೆಬ್ರವರಿಯಲ್ಲಿ ದರಗು (ಒಣಗಿ ಬಿದ್ದ ಎಲೆ) ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದರು. ಐದನೇ ದಿನಕ್ಕೆ ಜ್ವರ. ತಲೆ ಸಿಡಿಯುವ ನೋವು, ಕಣ್ಣೆಲ್ಲ ಕೆಂಪು, ಬಾಯಿ ಮುಕ್ಕಳಿಸಿದರೆ ಒಸಡಿನಿಂದ ರಕ್ತ. ಬದುಕಿ ಬಂದರು. ಆದರೆ ಆರು ತಿಂಗಳು ಅವರ ಕೈಯಲ್ಲಿ ಒಂದು ಕೊಡಪಾನ ಎತ್ತಲು ಆಗಲಿಲ್ಲ. ನನಗೆ ಮರೆಯಲಾಗದ ಮಾತೆಂದರೆ, ಅವರು ಅದಕ್ಕೆ ಮೊದಲೇ ಲಸಿಕೆ ಹಾಕಿಸಿಕೊಂಡಿದ್ದರು. ಒಂದಲ್ಲ, ಎರಡು ಸಲ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೋಲಾಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ. ನಮ್ಮ ಅಣ್ಣ ಬೆಂಗಳೂರಿನಲ್ಲಿ ಒಂದು ಲ್ಯಾಬ್‌ನಲ್ಲಿದ್ದಾನೆ. "ಸಮಿತಿ, ಅನುಮತಿ, ಮತ್ತೊಂದು ಸಮಿತಿ ಅಂತ ವರ್ಷಗಳು ಹೋಗುತ್ತವೆ. ಅಷ್ಟರಲ್ಲಿ ಕಾಡಂಚಿನವರು ಸಾಯುತ್ತಾರೆ. ವಿಜ್ಞಾನಿಗಳ ಕೈ ಕಟ್ಟಬಾರದು" ಅನ್ನುತ್ತಾನೆ. ಅತ್ತೆ ಅನ್ನುವುದು ಇಷ್ಟೇ: "ಒಂದು ಸಲ ನಂಬಿ ತೋಳು ಕೊಟ್ಟೆ. ಇನ್ನೊಂದು ಸಲ ಕೇಳದೆ ಕೊಡುವುದಿಲ್ಲ."

ನಾಳೆ ಪರೀಕ್ಷೆಗೆ ಅಂತ ನಮ್ಮೂರಿಗೇ ಬಂದರೆ ನೀವು ಏನು ಮಾಡುತ್ತೀರಿ? ಯಾರ ಮಾತು ಸರಿ?

ತೋಟದಮನೆ:
ನಿಮ್ಮ ಅಣ್ಣನ ಮಾತು ಸರಿ. ನಾನು ಕೊಡುತ್ತೇನೆ, ನಾಳೆಯೇ ಕೊಡುತ್ತೇನೆ. ಅಡಿಕೆ ತೋಟ ಇರುವವನು ಬೆಟ್ಟಕ್ಕೆ ಹೋಗದೆ ಇರಲು ಆಗುತ್ತದಾ? ಸೊಪ್ಪು ಬೇಕು, ದರಗು ಬೇಕು, ದನ ಮೇಯಬೇಕು. ಡಿಸೆಂಬರ್‌ನಿಂದ ಮೇ ತನಕ ಪ್ರತಿ ದಿನ ಹೆದರಿಕೊಂಡೇ ಇರುತ್ತೇವೆ. ಬೆಂಗಳೂರಿನಲ್ಲಿ ಈ ಕಾಯಿಲೆ ಇದ್ದಿದ್ದರೆ ಲಸಿಕೆ ಯಾವತ್ತೋ ಬಂದಿರುತ್ತಿತ್ತು. 1957ರಲ್ಲಿ ವೈರಸ್ ಸಿಕ್ಕಿದ್ದು. ಎಷ್ಟು ವರ್ಷ ಆಯಿತು ಲೆಕ್ಕ ಹಾಕಿ.

ಕೆಳದಿ ರಸ್ತೆ:
ಅತ್ತೆಯವರ ಮಾತು ನೂರಕ್ಕೆ ನೂರು ಸರಿ.

ಎಂಬಿಬಿಎಸ್ ಮೂರನೇ ವರ್ಷ:
ಹೊಳೆಯಾಚೆ ಅಕ್ಕ, ಹಳೆ ಲಸಿಕೆ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅತ್ತೆಯವರ ಅನುಭವ ಅವರೊಬ್ಬರದ್ದೇ ಅಲ್ಲ.

ಮೊದಲು 1950ರ ದಶಕದ ಕೊನೆಯಲ್ಲಿ ರಷ್ಯಾದ ಉಣುಗು ಜ್ವರದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು. ಎರಡೂ ವೈರಸ್ ಒಂದೇ ಕುಟುಂಬದವು, ಕೆಲಸ ಮಾಡಬಹುದು ಅನ್ನುವ ಲೆಕ್ಕ. ಮಾಡಲಿಲ್ಲ. ಆಮೇಲೆ ನಮ್ಮ ದೇಶದಲ್ಲೇ ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಅನ್ನುವ ರಾಸಾಯನಿಕ ಹಾಕಿ ಕೊಂದು ಲಸಿಕೆ ಮಾಡಿದರು. 1990ರ ನಂತರ ಊರೂರಲ್ಲಿ ಕೊಟ್ಟಿದ್ದು ಅದನ್ನೇ. 1990ರಿಂದ 92ರ ತನಕದ ಅಧ್ಯಯನದಲ್ಲಿ ಎರಡು ಡೋಸ್‌ಗೆ 93.5% ರಕ್ಷಣೆ ಅಂತ ಬಂತು. 2005ರಿಂದ 2010ರ ತನಕದ ಮಾಹಿತಿ ನೋಡಿದಾಗ ಅದೇ ಎರಡು ಡೋಸ್‌ಗೆ 62.4% ಮಾತ್ರ. ಬೂಸ್ಟರ್ ಕೂಡ ತೆಗೆದುಕೊಂಡವರಿಗೆ 82.9%. ಕೊನೆಗೆ 2022ರಲ್ಲಿ ಆ ಲಸಿಕೆ ನಿಲ್ಲಿಸಿದರು.

93ರಿಂದ 62ಕ್ಕೆ ಇಳಿದಿದ್ದನ್ನು ನೋಡಿ. ಆ ನಡುವೆ ಲಸಿಕೆ ಹಾಕಿಸಿಕೊಂಡ ಒಬ್ಬರಿಗಾದರೂ ಯಾರಾದರೂ ಈ ಸಂಖ್ಯೆ ಹೇಳಿದ್ದರಾ?

ಆಶಾ ಅಕ್ಕ:
ಹೇಳಿರಲಿಲ್ಲ ತಮ್ಮ. ನನಗೂ ಹೇಳಿರಲಿಲ್ಲ. ನಾನು ಮನೆ ಮನೆಗೆ ಹೋಗಿ ಜನರನ್ನು ಕರೆದುಕೊಂಡು ಬಂದವಳು. ಆ ಇಂಜೆಕ್ಷನ್ ಬಹಳ ನೋಯುತ್ತಿತ್ತು. ಒಂದು ಸಲ ಹಾಕಿಸಿಕೊಂಡವರು ಎರಡನೇ ಸಲಕ್ಕೆ ಹಿತ್ತಲ ಬಾಗಿಲಿಂದ ತೋಟಕ್ಕೆ ಇಳಿದುಬಿಡುತ್ತಿದ್ದರು. ಒಂದು ತಿಂಗಳಿಗೆ ಎರಡನೆಯದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಕೂಲಿ ಬಿಟ್ಟು ಯಾರು ಬರುತ್ತಾರೆ?

"ಇದು ಹಾಕಿಸಿಕೊಂಡರೆ ಕಾಯಿಲೆ ಬರುವುದಿಲ್ಲ ತಾನೇ?" ಅಂತ ಕೇಳುತ್ತಿದ್ದರು. ನಾನು "ಬರುವುದಿಲ್ಲ" ಅನ್ನುತ್ತಿದ್ದೆ. ನಂಬಿಕೊಂಡೇ ಹೇಳಿದ್ದು. ಆಮೇಲೆ ನಾನೇ ಕರೆದುಕೊಂಡು ಬಂದ ಒಬ್ಬರು ತೀರಿಕೊಂಡರು. ಅವರ ಮನೆ ಮುಂದೆ ಇವತ್ತಿಗೂ ತಲೆ ಎತ್ತಿ ನಡೆಯಲು ಆಗುವುದಿಲ್ಲ.

ತೋಟದಮನೆ:
ಅಕ್ಕ, ಅದರಲ್ಲಿ ನಿಮ್ಮ ತಪ್ಪಿಲ್ಲ. ಆದರೂ ಹೇಳುತ್ತೇನೆ, 62% ಅಂದರೆ ಸೊನ್ನೆ ಅಲ್ಲವಲ್ಲ. ಈಗ ನಮಗೆ ಇರುವುದು ಸೊನ್ನೆಯೇ. ಏನೂ ಇಲ್ಲದ ಜಾಗದಲ್ಲಿ ಕೂತು ಪರೀಕ್ಷೆ ಮುಗಿಯಲಿ ಅನ್ನುವುದು ಹೇಗೆ?

ಹಳೇ ಲ್ಯಾಬಿನವನು:
ನಾನು ಲಸಿಕೆ ತಯಾರಿಸುವ ಒಂದು ಕಡೆ 31 ವರ್ಷ ಕೆಲಸ ಮಾಡಿ ನಿವೃತ್ತನಾಗಿ ತೀರ್ಥಹಳ್ಳಿಗೆ ಬಂದವನು. ಮಂಗನ ಕಾಯಿಲೆ ಲಸಿಕೆ ನಮ್ಮಲ್ಲಿ ಇರಲಿಲ್ಲ, ಬೇರೆ ಲಸಿಕೆ. ಜಾಗದ ಹೆಸರು ಬೇಡ.

ಸತ್ತ ವೈರಸ್‌ನ ಲಸಿಕೆಗೆ ಮುಖ್ಯವಾಗಿ ಎರಡು ಪ್ರಶ್ನೆ ಕೇಳಬೇಕು. ಒಂದು, ವೈರಸ್ ನಿಜವಾಗಿಯೂ ಪೂರ್ತಿ ಸತ್ತಿದೆಯಾ? ಎರಡು, ಸತ್ತಿದ್ದರೂ ಮೈಗೆ ಪಾಠ ಕಲಿಸುವಷ್ಟು ಅದರಲ್ಲಿ ಕಸುವು ಉಳಿದಿದೆಯಾ? ನಾವು ಅದಕ್ಕೆ ಪೊಟೆನ್ಸಿ ಅನ್ನುತ್ತೇವೆ. ಫಾರ್ಮಲಿನ್ ಕಡಿಮೆಯಾದರೆ ಮೊದಲನೆಯದು ಕೆಡುತ್ತದೆ, ಜಾಸ್ತಿಯಾದರೆ ಎರಡನೆಯದು. ಪ್ರತಿ ಬ್ಯಾಚ್‌ಗೂ ಎರಡನ್ನೂ ನೋಡಬೇಕು. ಹೋದ ತಿಂಗಳ ಬ್ಯಾಚ್ ಚೆನ್ನಾಗಿತ್ತು ಅಂತ ಈ ತಿಂಗಳದ್ದನ್ನು ಬಿಡುವ ಹಾಗಿಲ್ಲ.

ಒಂದು ಸಲ ನನ್ನ ಕೈಯಲ್ಲಿ ಒಂದು ಬ್ಯಾಚ್ ಪೊಟೆನ್ಸಿ ಪರೀಕ್ಷೆಯಲ್ಲಿ ಫೇಲಾಯಿತು. ಮೇಲಿನವರು ಬಂದು, "ಊರಲ್ಲಿ ಕಾಯಿಲೆ ಶುರುವಾಗಿದೆ, ಜನ ಕಾಯುತ್ತಿದ್ದಾರೆ, ಇದರಿಂದ ಯಾರಿಗೂ ಹಾನಿ ಇಲ್ಲವಲ್ಲ, ಸಹಿ ಹಾಕಿ" ಅಂದರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಜನರ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಹೋಗಿ ಆಗುವುದಿಲ್ಲ ಅಂದೆ. ಎರಡು ವರ್ಷ ಬಡ್ತಿ ನಿಂತಿತು.

ತೋಟದಮನೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕಸುವಿಲ್ಲದ ಲಸಿಕೆಯಿಂದ ಹಾನಿ ಇಲ್ಲ ಅನ್ನುವುದು ತಪ್ಪು. ಲಸಿಕೆ ಆಗಿದೆ ಅನ್ನುವ ಧೈರ್ಯದಲ್ಲಿ ಮನುಷ್ಯ ಉಣುಗು ಹತ್ತದ ಹಾಗೆ ಕೊಡುವ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುತ್ತಾನೆ. ಜ್ವರ ಬಂದರೆ "ನನಗೆ ಅದಲ್ಲ" ಅಂತ ಮೂರು ದಿನ ಮನೆಯಲ್ಲೇ ಮಲಗುತ್ತಾನೆ. ಆ ಮೂರು ದಿನವೇ ಸಾಕು.

ಹೊಳೆಯಾಚೆ:
ನಮ್ಮ ಅತ್ತೆ ಮಾಡಿದ್ದು ಸರಿಯಾಗಿ ಅದನ್ನೇ. "ನನಗೆ ಲಸಿಕೆ ಆಗಿದೆ, ಇದು ಬರೀ ಜ್ವರ" ಅಂತ ನಾಲ್ಕು ದಿನ ಕಷಾಯ ಕುಡಿದುಕೊಂಡಿದ್ದರು.

ಲ್ಯಾಬ್‌ನಲ್ಲಿ ಕೂತವ:
ನಾನು ವೈರಸ್ ವಿಭಾಗದಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ಹೊಸನಗರ. ಇನ್ನೊಂದು ಕಡೆಯ ಮಾತನ್ನೂ ಯಾರಾದರೂ ಹೇಳಬೇಕು.

ನನ್ನ ಒಂದು ಸಣ್ಣ ಪ್ರಸ್ತಾವಕ್ಕೆ ಅನುಮತಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ನಿಜವಾದ ಸುರಕ್ಷತೆಯ ಪ್ರಶ್ನೆ ಕೇಳಿದ್ದು ಒಂದೇ ಸಲ. ಉಳಿದದ್ದೆಲ್ಲ ಸಹಿ, ಸೀಲು, ಪುಟದ ಸಂಖ್ಯೆ. ಆ ಹದಿನಾಲ್ಕು ತಿಂಗಳಲ್ಲಿ ಒಂದು ಪೂರ್ತಿ ಸೀಸನ್ ಹೋಯಿತು. ನಮ್ಮ ಪಕ್ಕದ ಊರಿನಲ್ಲೇ ಮಂಗ ಸತ್ತವು, ಮನುಷ್ಯರೂ ಮಲಗಿದರು. ನಾನು ಕಂಪ್ಯೂಟರ್ ಮುಂದೆ ಫಾರಂ ತುಂಬುತ್ತಾ ಕೂತಿದ್ದೆ. ಆ ಸಿಟ್ಟು ನನಗೆ ಇನ್ನೂ ಇದೆ.

ಎರಡನೆಯದು, ಈ ಕಾಯಿಲೆಗೆ ಲಸಿಕೆ ಪರೀಕ್ಷೆ ಮಾಡುವುದೇ ಕಷ್ಟ. ಒಂದು ಉದಾಹರಣೆ ಲೆಕ್ಕ ಹಾಕಿ. ಒಂದು ಸೀಸನ್‌ನಲ್ಲಿ ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಬರುವ ಊರುಗಳಲ್ಲಿ ಹತ್ತು ಸಾವಿರ ಜನರಿಗೆ ಲಸಿಕೆ ಹಾಕಿದಿರಿ, ಇನ್ನು ಹತ್ತು ಸಾವಿರಕ್ಕೆ ಹಾಕಲಿಲ್ಲ. ಹಾಕದವರಲ್ಲೇ ಹತ್ತು ಜನರಿಗೆ ಬರುತ್ತದೆ. ಹಾಕಿದವರಲ್ಲಿ ಮೂರೋ ನಾಲ್ಕೋ. ಇಷ್ಟು ಸಣ್ಣ ಸಂಖ್ಯೆಯಿಂದ ಏನು ಹೇಳಲು ಬರುತ್ತದೆ? ಅದೂ ಈ ವರ್ಷ ಒಂದು ಊರಿನಲ್ಲಿ ಬಂದರೆ ಮುಂದಿನ ವರ್ಷ ಇನ್ನೊಂದು ಕಡೆ. 2018ರ ಡಿಸೆಂಬರ್‌ನಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅಷ್ಟು ಜೋರಾಗಿ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಪೂರ್ತಿ ಖಚಿತ ಆಗಲಿ ಅಂತ ಕೂತರೆ ಲಸಿಕೆ ಬರುವುದೇ ಇಲ್ಲ.

ಸೊರಬದವ:
ಮಂಗನ ಕಾಯಿಲೆಗೆ ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನುತ್ತಾರೆ. ಆ ಕ್ಯಾಸನೂರು ನಮ್ಮ ತಾಲೂಕಿನದ್ದು. ಜಗತ್ತಿನ ಪುಸ್ತಕಗಳಲ್ಲಿ ನಮ್ಮ ಕಾಡಿನ ಹೆಸರು ಇರುವುದು ಒಂದು ಕಾಯಿಲೆಗೆ. ಊರಿನ ಹೆಸರು ಕಾಯಿಲೆಗೆ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಮಗೆ ಅಷ್ಟರಲ್ಲಿ ಬಹಳ ತಡವಾಗಿತ್ತು. ವಿಷಯ ಬಿಟ್ಟು ಮಾತಾಡಿದ್ದಕ್ಕೆ ಕ್ಷಮಿಸಿ, ಹೇಳಬೇಕು ಅನ್ನಿಸಿತು.

ಹಿನ್ನೀರು ಹುಡುಗ:
ವೈರಸ್ ಬಿಟ್ಟಿದ್ದೇ ಅಮೆರಿಕದವರು ಅಂತ ನಮ್ಮಜ್ಜ ಹೇಳುತ್ತಿದ್ದರು. ಕಾಯಿಲೆ ಬಂದ ವರ್ಷವೇ ಅವರೂ ಬಂದಿದ್ದು ಹೇಗೆ?

ಎಂಬಿಬಿಎಸ್ ಮೂರನೇ ವರ್ಷ:
ಕಾಯಿಲೆ ಬಂದಿದ್ದಕ್ಕೇ ಅವರು ಬಂದಿದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1952ರಿಂದಲೇ ಇತ್ತು, ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಲ್ಲಿ. ಮಂಗ ಸಾಯುತ್ತಿವೆ ಅಂದಾಗ ಹಳದಿ ಜ್ವರ ಇರಬಹುದು ಅಂತ ಹೆದರಿ ಓಡಿ ಬಂದರು. ಈ ವೈರಸ್‌ನ ದಾಯಾದಿ ಸೌದಿ ಅರೇಬಿಯಾದಲ್ಲೂ ಇದೆ, ಅಲ್ಖುರ್ಮಾ ಅಂತ ಹೆಸರು. ಇದು ಯಾರೋ ನಿನ್ನೆ ಮೊನ್ನೆ ಮಾಡಿದ ವೈರಸ್ ಅಲ್ಲ.

ಹಕ್ಕಿ ನೋಡುವವ:
ಆದರೆ ಹಿನ್ನೀರು ಹುಡುಗನ ಅಜ್ಜ ಸುಮ್ನೆ ಹಾಗೆ ಹೇಳಿರಲಿಕ್ಕಿಲ್ಲ. ಈ ವೈರಸ್ ರಷ್ಯಾದ ಉಣುಗು ಜ್ವರಕ್ಕೆ ಹತ್ತಿರ ಅಂತ ಗೊತ್ತಾದಾಗ, ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದಾ ಅನ್ನುವ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಶುರು ಮಾಡಿದರು. ಆಮೇಲೆ ಇಂಥ ಕೆಲಸಗಳಿಗೆ ಅಮೆರಿಕದ ಸೇನೆಯ ಹಣವೂ ಬರುತ್ತಿತ್ತು ಅನ್ನುವ ವಿಷಯ ಹೊರಬಂತು. 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಅದನ್ನು ಎತ್ತಿಕೊಂಡಿತು. ಹಣ ಯಾರದ್ದು ಅಂತ ಮೊದಲೇ ಊರಿನವರಿಗೆ ಹೇಳಿದ್ದರೆ ಅಜ್ಜಂದಿರು ಬೇರೆ ಕಥೆ ಹೇಳುತ್ತಿದ್ದರು.

ಹಾಗೆ ನೋಡಿದರೆ ಹಕ್ಕಿಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಈ ಕಾಯಿಲೆಯ ನೆಪದಲ್ಲಿ ಸಿಕ್ಕಿದ್ದು. ಭರತ್‌ಪುರದಲ್ಲಿ...

ನಿರ್ವಾಹಕ:
ಹಕ್ಕಿ ಸರ್, ಭರತ್‌ಪುರ ಬೇರೆ ಎಳೆಯಲ್ಲಿ ಬರೆಯಿರಿ, ಖಂಡಿತ ಓದುತ್ತೇವೆ. ಇಲ್ಲಿ ಲಸಿಕೆ ವಿಷಯಕ್ಕೆ ವಾಪಸ್ ಬರೋಣ.

ಹಿಸ್ಟರಿ ಮೇಷ್ಟ್ರು:
ವಿಜ್ಞಾನಿಗಳ ಕೈ ಕಟ್ಟಬಾರದು ಅನ್ನುವವರಿಗೆ ಒಂದು ಹಳೆಯ ಘಟನೆ ನೆನಪಿಸುತ್ತೇನೆ.

1955ರ ಏಪ್ರಿಲ್ 12. ಅಮೆರಿಕದಲ್ಲಿ ವಿಜ್ಞಾನಿ ಜೋನಸ್ ಸಾಕ್ ಅವರ ಪೋಲಿಯೊ ಲಸಿಕೆ ಗೆದ್ದಿತು ಅಂತ ಘೋಷಣೆ ಆಯಿತು. ಅದೇ ದಿನ, ಕೆಲವೇ ಗಂಟೆಯಲ್ಲಿ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟರು. ಅದೂ ಫಾರ್ಮಲಿನ್‌ನಲ್ಲಿ ಕೊಂದ ವೈರಸ್, ನಮ್ಮ ಹಳೆ ಲಸಿಕೆಯ ಹಾಗೆಯೇ. ಕಟ್ಟರ್ ಅನ್ನುವ ಕಂಪನಿಯ ಲಸಿಕೆಯಲ್ಲಿ ವೈರಸ್ ಜೀವಂತ ಉಳಿದಿತ್ತು. ವೈರಸ್ ಮುದ್ದೆ ಕಟ್ಟಿಕೊಂಡಿದ್ದರೆ ಒಳಗಿನದಕ್ಕೆ ಫಾರ್ಮಲಿನ್ ತಾಗುವುದೇ ಇಲ್ಲ. ಸುಮಾರು 200 ಜನರಿಗೆ ಲಕ್ವ ಹೊಡೆಯಿತು. 10 ಜನ ಸತ್ತರು.

ನನ್ನನ್ನು ಕಾಡುವುದು ಅದರ ಹಿಂದಿನ ಕಥೆ. ಸರ್ಕಾರದ ಲ್ಯಾಬ್‌ನಲ್ಲಿ ಬರ್ನೀಸ್ ಎಡ್ಡಿ ಅನ್ನುವ ವಿಜ್ಞಾನಿ ಕೆಲವು ತಿಂಗಳ ಮೊದಲೇ ಆ ಕಂಪನಿಯ ಲಸಿಕೆಯನ್ನು ಮಂಗಗಳಿಗೆ ಹಾಕಿ ನೋಡಿದ್ದರು. ಮಂಗಗಳಿಗೆ ಲಕ್ವ ಹೊಡೆಯಿತು. ಮೇಲಿನವರಿಗೆ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೇಶವೇ ಲಸಿಕೆಗೆ ಕಾಯುತ್ತಿತ್ತು, ನಿಲ್ಲಿಸಿ ಅನ್ನುವವಳ ಮಾತು ಯಾರಿಗೆ ಬೇಕು? ಎಡ್ಡಿ ಕೂಡ ವಿಜ್ಞಾನಿಯೇ ಅಲ್ವಾ? ಕೈ ಕಟ್ಟಿದ್ದು ಅವರದ್ದು.

ಲ್ಯಾಬ್‌ನಲ್ಲಿ ಕೂತವ:
ಮೇಷ್ಟ್ರೇ, ಒಪ್ಪುತ್ತೇನೆ. ಆದರೆ ಹ್ಯಾಫ್‌ಕಿನ್ ಕಥೆಯನ್ನೂ ಹೇಳಿ. ನಮ್ಮ ದೇಶದ್ದು.

ಹಿಸ್ಟರಿ ಮೇಷ್ಟ್ರು:
ಹೇಳುತ್ತೇನೆ, ನೀವು ನೆನಪಿಸಿದ್ದು ಒಳ್ಳೆಯದಾಯಿತು. ಹ್ಯಾಫ್‌ಕಿನ್ ಅನ್ನುವ ವಿಜ್ಞಾನಿ ಪ್ಲೇಗ್ ಲಸಿಕೆ ಮಾಡಿ 1897ರ ಜನವರಿಯಲ್ಲಿ ಮುಂಬೈಯಲ್ಲಿ ಮೊದಲು ತನಗೇ ಚುಚ್ಚಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಊರಿನಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಒಂದೇ ಬಾಟಲಿಯಿಂದ ಹಾಕಿದ್ದು. ವಿಚಾರಣೆ ಮಾಡಿದವರು ಹ್ಯಾಫ್‌ಕಿನ್ ಲ್ಯಾಬ್‌ನದ್ದೇ ತಪ್ಪು ಅಂದರು. ಕೆಲಸ ಹೋಯಿತು, ಹೆಸರು ಹೋಯಿತು. ನಿಜಕ್ಕೂ ಆಗಿದ್ದು ಏನೆಂದರೆ, ಊರಿನಲ್ಲಿ ಬಾಟಲಿ ತೆರೆಯುವಾಗ ಚಿಮುಟ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧ ಮಾಡದೆ ಅದನ್ನೇ ಬಳಸಿದರು. ಇದು ಒಪ್ಪಿಗೆಯಾಗಿ ಅವರ ಮೇಲಿನ ಆರೋಪ ಹೋಗುವಾಗ 1907 ಬಂದಿತ್ತು.

ಹಾಗಾಗಿ ವಿಚಾರಣೆ ಮಾಡುವವರೂ ತಪ್ಪುತ್ತಾರೆ. ಅದು ನಿಜ.

ತೋಟದಮನೆ:
ಹಾಗಾದರೆ ಮೇಷ್ಟ್ರೇ, ನೀವು ಯಾವ ಕಡೆ?

ಹಿಸ್ಟರಿ ಮೇಷ್ಟ್ರು:
ಅತ್ತೆಯವರ ಕಡೆ. ಅವರು ಬೇಡ ಅನ್ನಲಿಲ್ಲ, ಕೇಳದೆ ಕೊಡುವುದಿಲ್ಲ ಅಂದರು.

ಬೆಟ್ಟದ ಬೇಣ:
ಕೋವಿಡ್‌ನಲ್ಲಿ ಒಂದೇ ವರ್ಷಕ್ಕೆ ಲಸಿಕೆ ಬಂತಲ್ಲ. ಆಗ ಆಗಿದ್ದು ಈಗ ಯಾಕೆ ಆಗುವುದಿಲ್ಲ?

ಎಂಬಿಬಿಎಸ್ ಮೂರನೇ ವರ್ಷ:
ಆಗ ಹಣ ಇತ್ತು, ರೋಗಿಗಳೂ ಎಲ್ಲ ಕಡೆ ಇದ್ದರು. ಹಂತ ಒಂದಾದ ಮೇಲೆ ಒಂದರ ಬದಲು ಜೊತೆಜೊತೆಗೆ ಮಾಡಿದರು. ಅಲ್ಲಿಯೂ ಜಗಳ ಆಯಿತು, ನೆನಪಿದೆಯಾ? 2021ರ ಜನವರಿ 3ರಂದು ಕೊವ್ಯಾಕ್ಸಿನ್‌ಗೆ ಒಪ್ಪಿಗೆ ಕೊಟ್ಟಾಗ ಅದರ ಮೂರನೇ ಹಂತದ ಫಲಿತಾಂಶ ಬಂದಿರಲಿಲ್ಲ. ಆಮೇಲೆ ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಆ ಕೆಲವು ತಿಂಗಳು ಎಷ್ಟೋ ಡಾಕ್ಟರುಗಳೇ ಹಾಕಿಸಿಕೊಳ್ಳಲು ಹಿಂಜರಿದರು. ನಮ್ಮ ಮನೆಯಲ್ಲೂ ಅಪ್ಪ ಬೇಡ ಅಂದಿದ್ದರು.

ಪಂಪ್ ಸ್ಟೋರೇಜ್ ಬೇಡ:
ಇದೇ ಕಥೆ ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯಲ್ಲೂ ಇದೆ. 2000 ಮೆಗಾವ್ಯಾಟ್ ಅಂತ ದೊಡ್ಡ ಕನಸು. ತಳಕಳಲೆಯಿಂದ ಗೇರುಸೊಪ್ಪೆಗೆ ಸಿಂಗಳೀಕ ಅಭಯಾರಣ್ಯದ ಅಡಿಯಲ್ಲೇ ಸುರಂಗ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಿದವರನ್ನು ಯಾರು ಕೇಳಿದ್ದರು? ಈಗ ಯಾರು ಕೇಳುತ್ತಾರೆ?

ನಿರ್ವಾಹಕ:
ಅದಕ್ಕೆ ಬೇರೆ ಎಳೆ ಇದೆ, 400 ಉತ್ತರ ಆಗಿವೆ. ದಯವಿಟ್ಟು ಅಲ್ಲಿ.

ಭದ್ರಾವತಿ ನರ್ಸ್:
ನಾನು ಒಂದು ಔಷಧ ಪರೀಕ್ಷೆಯಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ತೋಳು ಕೊಡುವ ಮೊದಲು ಏನು ಕೇಳಬೇಕು ಅನ್ನುವುದನ್ನು ಹೇಳಬಲ್ಲೆ.

2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪರೀಕ್ಷೆ ನಡೆಯುವ ಕಡೆ ನೈತಿಕ ಸಮಿತಿ ಇರಬೇಕು. ಕಡಿಮೆ ಎಂದರೂ ಏಳು ಜನ. ಅದರಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ, ಒಬ್ಬ ಮಹಿಳೆ, ಒಬ್ಬ ಕಾನೂನು ತಿಳಿದವರು ಇರಲೇಬೇಕು. ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ಪರೀಕ್ಷೆ ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಮೊದಲೇ ದಾಖಲಾಗಿರಬೇಕು, ಅದನ್ನು ಮೊಬೈಲಿನಲ್ಲೇ ಯಾರು ಬೇಕಾದರೂ ನೋಡಬಹುದು. ಪರೀಕ್ಷೆಯಿಂದ ತೊಂದರೆ ಆದರೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಕಾರಣ ಹೇಳಬೇಕಿಲ್ಲ.

ಕಾಗದದಲ್ಲಿ ಇದೆಲ್ಲ ಚೆಂದ. ನಡೆಯುವುದು ಬೇರೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14 ಸಾವಿರ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಬಹಳಷ್ಟು ಆದಿವಾಸಿ ಹುಡುಗಿಯರು, ಹಾಸ್ಟೆಲ್‌ನಲ್ಲಿ ಇದ್ದವರು. ಎಷ್ಟೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ತಂದೆ ತಾಯಿಯಲ್ಲ, ವಾರ್ಡನ್‌ಗಳು. ಕೆಲವು ಸಾವುಗಳಾದವು. ಲಸಿಕೆಯಿಂದಲ್ಲ ಅಂತ ವಿಚಾರಣೆಯಲ್ಲಿ ಬಂತು. ಆದರೂ 2010ರ ಏಪ್ರಿಲ್‌ನಲ್ಲಿ ನಿಲ್ಲಿಸಬೇಕಾಯಿತು. ಆ ಲಸಿಕೆ ಒಳ್ಳೆಯದು, ಗರ್ಭಕಂಠದ ಕ್ಯಾನ್ಸರ್ ತಡೆಯುತ್ತದೆ. ಆ ಒಂದು ಅವಸರದಿಂದ ಅದರ ಹೆಸರೇ ಕೆಟ್ಟಿತು. ನನ್ನ ಮಗಳಿಗೆ ಹಾಕಿಸುವಾಗ ನಮ್ಮ ಅಮ್ಮ ಅತ್ತುಬಿಟ್ಟರು.

ಆಶಾ ಅಕ್ಕ:
ಸಿಸ್ಟರ್, ಆ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರುತ್ತದಾ?

ಭದ್ರಾವತಿ ನರ್ಸ್:
ಇರಬೇಕು ಅಕ್ಕ, ಅವರವರ ಭಾಷೆಯಲ್ಲೇ. ಆದರೆ ನಾನು ನೋಡಿದ್ದು ಹನ್ನೊಂದು ಪುಟ ಇತ್ತು. "ಪ್ರತಿಕೂಲ ಪರಿಣಾಮ", "ಯಾದೃಚ್ಛಿಕ ವಿಂಗಡಣೆ" ಅಂತೆಲ್ಲ. ನನಗೇ ಎರಡು ಸಲ ಓದಬೇಕಾಯಿತು. ದನ ಕಟ್ಟಿ ಬಂದವರಿಗೆ ಅದನ್ನು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾ?

ಉಣುಗು ಹಿಡಿದವನ ಮಗ:
ಅಪ್ಪಯ್ಯ ಹಿಂದೆ ಒಂದು ಸರ್ವೆ ತಂಡದ ಜೊತೆ ದಿನಗೂಲಿಗೆ ಹೋಗುತ್ತಿದ್ದರು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುವುದು, ಅದಕ್ಕೆ ಹತ್ತಿದ ಉಣುಗನ್ನು ಚಿಮುಟದಲ್ಲಿ ಹೆಕ್ಕಿ ಸೀಸೆಗೆ ಹಾಕುವುದು. ಎಳೆ ಉಣುಗು ಸಾಸಿವೆಗಿಂತ ಸಣ್ಣ, ಕಣ್ಣಿಗೇ ಕಾಣುವುದಿಲ್ಲ. ಅಪ್ಪಯ್ಯನಿಗೆ ಕೊಟ್ಟಿದ್ದು ಬಟ್ಟೆ, ಚಿಮುಟ, ಸೀಸೆ. ಯಾಕೆ ಹಿಡಿಯುತ್ತಿದ್ದೇವೆ, ಕಚ್ಚಿದರೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಎರಡನೇ ವರ್ಷ ಜ್ವರ ಬಂತು. ಉಳಿದುಕೊಂಡರು. ಆದರೆ ಆ ತಂಡದವರು ಬಂದು ತೆಗೆದುಕೊಂಡು ಹೋಗಿದ್ದು ರಕ್ತ ಮಾತ್ರ. ರಿಪೋರ್ಟ್‌ನಲ್ಲಿ ಏನು ಬಂತು ಅಂತ ಮತ್ತೆ ಹೇಳಲೇ ಇಲ್ಲ.

ಅಪ್ಪಯ್ಯನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. "ಒಳ್ಳೆ ಕೆಲಸ ಮಾಡುತ್ತಿದ್ದರು" ಅನ್ನುತ್ತಿದ್ದರು. ಒಂದೇ ಬೇಜಾರು. "ನಮ್ಮನ್ನೂ ಜೊತೆಗಿದ್ದವರು ಅಂತ ಎಣಿಸಲಿಲ್ಲ."

ಲ್ಯಾಬ್‌ನಲ್ಲಿ ಕೂತವ:
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಈ ವೈರಸ್ ಜೊತೆ ಕೆಲಸ ಮಾಡಿದ ಲ್ಯಾಬ್‌ನವರಿಗೂ ಆ ಕಾಲದಲ್ಲಿ ಸೋಂಕು ತಗಲಿದೆ. ಈಗ ಅದಕ್ಕೇ ಬಹಳ ಬಿಗಿಯಾದ ಲ್ಯಾಬ್‌ನಲ್ಲಿ ಮಾತ್ರ ಮುಟ್ಟಲು ಬಿಡುತ್ತಾರೆ. ನಾನು ಮೈತುಂಬ ಸೂಟ್ ಹಾಕಿಕೊಂಡು ಒಳಗೆ ಹೋಗುತ್ತೇನೆ. ನನಗಾಗಿ ಇಷ್ಟು ನಿಯಮ ಮಾಡಿದ್ದಾರೆ. ನಿಮ್ಮ ಅಪ್ಪಯ್ಯನಿಗೆ ಒಂದು ಜೊತೆ ಗಂಬೂಟೂ ಇರಲಿಲ್ಲ.

ಹದಿನಾಲ್ಕು ತಿಂಗಳ ಸಿಟ್ಟು ನನಗೆ ಹೋಗಿಲ್ಲ. ಸೀಲು, ಪುಟ ಸಂಖ್ಯೆ ನೋಡುವವರ ಮೇಲೆ ಅದು ಇದ್ದೇ ಇರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಕೇಳುವವರ ಮೇಲೆ ಅದನ್ನು ತೋರಿಸುತ್ತಿದ್ದೆ. ಅದು ತಪ್ಪು.

ಹಳೇ ಲ್ಯಾಬಿನವನು:
ತಮ್ಮಾ, ಹಾಗಿದ್ದರೆ ಒಂದು ಒಳ್ಳೆಯ ಉದಾಹರಣೆ ಹೇಳುತ್ತೇನೆ. 2015ರಲ್ಲಿ ಗಿನಿಯಲ್ಲಿ ಎಬೋಲಾ ಲಸಿಕೆ ಪರೀಕ್ಷೆ. ಅಲ್ಲಿಯೂ ನಿಮ್ಮ ತೊಂದರೆಯೇ ಇತ್ತು, ರೋಗ ಎಲ್ಲಿ ಯಾವಾಗ ಬರುತ್ತದೆ ಗೊತ್ತಿಲ್ಲ. ಅದಕ್ಕೆ ಅವರು ರೋಗಿ ಸಿಕ್ಕ ಕಡೆಯೇ ಹೋದರು. ರೋಗಿಯ ಸುತ್ತಮುತ್ತ ಇರುವವರದ್ದು ಒಂದು ಬಳಗ. ಕೆಲವು ಬಳಗಕ್ಕೆ ತಕ್ಷಣ ಲಸಿಕೆ, ಕೆಲವಕ್ಕೆ 21 ದಿನ ಬಿಟ್ಟು. ಯಾವ ಬಳಗಕ್ಕೂ ಇಲ್ಲ ಅನ್ನಲಿಲ್ಲ. ಹೊರಗಿನ ಒಂದು ಸಮಿತಿ ಫಲಿತಾಂಶ ನೋಡುತ್ತಲೇ ಇತ್ತು. ಜುಲೈಯಲ್ಲಿ ಆ ಸಮಿತಿಯೇ, "ಇದು ಕೆಲಸ ಮಾಡುತ್ತಿದೆ, ಇನ್ನು ಯಾರನ್ನೂ ಕಾಯಿಸಬೇಡಿ, ಎಲ್ಲರಿಗೂ ತಕ್ಷಣ ಕೊಡಿ" ಅಂದಿತು.

ಕಾವಲು ಕೂತವರೇ ದಾರಿ ಬಿಡಿಸಿದ್ದು. ನಮ್ಮಲ್ಲೂ ಹಾಗೆ ಮಾಡಲು ಆಗುವುದಿಲ್ಲವಾ? ಒಂದು ಊರಿನ ಸುತ್ತ ಮಂಗ ಸತ್ತಿದ್ದು ಗೊತ್ತಾದರೆ ಆ ಊರಿಗೆ ಮೊದಲು.

ಲ್ಯಾಬ್‌ನಲ್ಲಿ ಕೂತವ:
ಒಂದು ತೊಡಕಿದೆ. ಸತ್ತ ವೈರಸ್‌ನ ಲಸಿಕೆ ಮೈಗೆ ಹಿಡಿಯಲು ಎರಡು ಡೋಸ್, ಕೆಲವು ವಾರ ಬೇಕು. ಮಂಗ ಸತ್ತ ಮೇಲೆ ಹಾಕಿದರೆ ತಡವಾಗುತ್ತದೆ. ಎಬೋಲಾದ್ದು ಒಂದೇ ಡೋಸ್. ಆದರೆ ಊರು ಊರಿಗೆ ಸರದಿ ಹಾಕಬಹುದು. ಮಳೆಗಾಲ ಮುಗಿಯುವಾಗಲೇ ಶುರು ಮಾಡಿ, ಯಾವ ಊರು ಮೊದಲು ಅಂತ ಎಲ್ಲರ ಎದುರಿಗೆ ಚೀಟಿ ಎತ್ತಿ, ಮುಂದಿನ ವರ್ಷ ಉಳಿದ ಊರು. ಆಗ ಹೋಲಿಕೆಯೂ ಸಿಗುತ್ತದೆ, ಯಾರೂ ಬಿಟ್ಟುಹೋಗುವುದಿಲ್ಲ.

ತೋಟದಮನೆ:
ಚೀಟಿ ಎತ್ತುವುದಾದರೆ ನನಗೆ ಒಪ್ಪಿಗೆ. ನಮ್ಮೂರು ಎರಡನೇ ವರ್ಷಕ್ಕೆ ಬಂದರೂ ಬೇಜಾರಿಲ್ಲ. ಆದರೆ ಒಂದು ಷರತ್ತು. ಫಲಿತಾಂಶ ಗ್ರಾಮಸಭೆಯಲ್ಲಿ ಓದಬೇಕು. 93 ಇದ್ದಿದ್ದು 62 ಆದರೆ ಆ ವರ್ಷವೇ ನಮಗೆ ಗೊತ್ತಾಗಬೇಕು.

ಕೆಳದಿ ರಸ್ತೆ:
ಇದಕ್ಕೆ ನನ್ನದೂ ಒಂದು ಸಹಿ.

ಹೊಳೆಯಾಚೆ:
ಎಲ್ಲರ ಉತ್ತರವನ್ನೂ ಅತ್ತೆಗೆ ಓದಿ ಹೇಳಿದೆ. ಅಣ್ಣನೂ ಪಕ್ಕದಲ್ಲಿ ಕೂತಿದ್ದ. ಬರ್ನೀಸ್ ಎಡ್ಡಿಯವರದ್ದು ಬಂದಾಗ ಅತ್ತೆ "ಪಾಪ, ಹೇಳಿದ್ದಳಲ್ಲ" ಅಂದರು. ಉಣುಗು ಹಿಡಿದ ಅಪ್ಪಯ್ಯನದ್ದು ಇನ್ನೊಂದು ಸಲ ಓದಿಸಿದರು.

ಆಮೇಲೆ ಅವರು ನನ್ನ ಕೈಯಲ್ಲಿ ಬರೆಸಿದ ಪ್ರಶ್ನೆಗಳು ಇವು. ಈ ಲಸಿಕೆ ನನಗಿಂತ ಮೊದಲು ಎಷ್ಟು ಜನರಿಗೆ ಹಾಕಿದ್ದೀರಿ? ಒಂದು ಸಲ ಕಾಯಿಲೆ ಬಂದು ಹೋದವರಿಗೆ ಹಾಕಬಹುದಾ? ಜ್ವರ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಹೊಳೆ ಈಚೆಗೆ ಗಾಡಿ ಬರುತ್ತದಾ? ಕಸುವು ಕಡಿಮೆಯಾದರೆ ನಮಗೆ ಯಾರು ಹೇಳುತ್ತಾರೆ, ಅವರ ಹೆಸರು ಏನು?

ಅಣ್ಣ ಕೊನೆಯ ಪ್ರಶ್ನೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಜಗಳ ಪೂರ್ತಿ ಮುಗಿದಿಲ್ಲ. ಬೇಗ ಬರಬೇಕು ಅನ್ನುವುದನ್ನು ಅವನು ಬಿಟ್ಟಿಲ್ಲ, ಕೇಳದೆ ಕೊಡುವುದಿಲ್ಲ ಅನ್ನುವುದನ್ನು ಅತ್ತೆಯೂ ಬಿಟ್ಟಿಲ್ಲ.

ಎಂಬಿಬಿಎಸ್ ಮೂರನೇ ವರ್ಷ:
ಅಕ್ಕ, ಎರಡನೇ ಪ್ರಶ್ನೆ ಬಹಳ ಒಳ್ಳೆಯದು. ಫಿಲಿಪೀನ್ಸ್‌ನಲ್ಲಿ ಡೆಂಗಿ ಲಸಿಕೆ ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಹಾಕಿದ ಮೇಲೆ, 2017ರಲ್ಲಿ ಗೊತ್ತಾಗಿದ್ದು ಅಂಥದ್ದೇ. ಮೊದಲು ಡೆಂಗಿ ಬಂದವರಿಗೆ ಒಂದು ಥರ, ಬರದವರಿಗೆ ಇನ್ನೊಂದು ಥರ. ಬರದವರಿಗೆ ಆಮೇಲೆ ಡೆಂಗಿ ಬಂದರೆ ಜೋರಾಗುವ ಅಪಾಯ ಇತ್ತು. ನಮ್ಮ ವೈರಸ್‌ನಲ್ಲೂ ಹಾಗೇ ಆಗುತ್ತದೆ ಅಂತ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸರಿಯಾಗಿ ಅದೇ. ಅತ್ತೆಯವರಿಗೆ ಹೇಳಿ.

ಆಶಾ ಅಕ್ಕ:
ಪ್ರಶ್ನೆಗಳನ್ನು ನಾನು ಬರೆದುಕೊಂಡೆ, ನಮ್ಮ ಮೀಟಿಂಗ್‌ನಲ್ಲಿ ಓದುತ್ತೇನೆ. ಈ ಸಲ ಯಾರಾದರೂ "ಬರುವುದಿಲ್ಲ ತಾನೇ" ಅಂದರೆ ನನಗೆ ಗೊತ್ತಿರುವಷ್ಟೇ ಹೇಳುತ್ತೇನೆ.

ಲಸಿಕೆ ಬರುವ ತನಕ ಎಣ್ಣೆ ಮರೆಯಬೇಡಿ. ನಮ್ಮ ಪಿಎಚ್‌ಸಿಗೆ ಡೇಪಾ ಎಣ್ಣೆ ಬಂದಿದೆ. ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಿ. ಬಂದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ದನ ಕಾಡಿಗೆ ಹೋಗಿ ಬಂದರೆ ಕೊಟ್ಟಿಗೆಯಲ್ಲಿ ಮೈ ನೋಡಿ. ಸತ್ತ ಮಂಗ ಕಂಡರೆ ಮುಟ್ಟದೆ ನಮಗೆ ಹೇಳಿ. ಹೊಳೆಯಾಚೆ ತಂಗಿ, ನಿಮ್ಮ ಕಡೆಗೆ ಬರುವವರು ಇದ್ದಾರೆ, ಅತ್ತೆಗೆ ಎರಡು ಬಾಟಲಿ ಕಳಿಸುತ್ತೇನೆ.

ಹೊಳೆಯಾಚೆ:
ಕಳಿಸಿ ಅಕ್ಕ. ನಾಡಿದ್ದು ದರಗಿಗೆ ಹೋಗುವುದಿದೆ.